ಸುಣ್ಣದ ನೀರಿನ ಸೀಮೆಯಲ್ಲಿ ಸ್ಪಿರುಲಿನಾ ಬೆಳೆಯುವುದು ಹೇಗೆ?

ಕಡಲ ಸೂಕ್ಷ್ಮ ಪಾಚಿ ಬೆಳೆದು ಒಮೆಗಾ-3, ಬೀಟಾ ಕ್ಯಾರೊಟಿನ್ ತೆಗೆಯುವ ವಿಡಿಯೊಗಳು ಈಗ ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತಿವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರು ಅವನ್ನು ನೋಡಿ ಆಸೆಪಟ್ಟರೆ ತಪ್ಪಿಲ್ಲ. ಆದರೆ ಕಾರವಾರದ ಕಡಲು ಇಲ್ಲಿಂದ 400 ಕಿಲೋಮೀಟರಿಗೂ ದೂರ. ಸಾವಿರ ಲೀಟರ್ ನೀರನ್ನು ಸಮುದ್ರದಷ್ಟು ಉಪ್ಪಾಗಿಸಲು ಸುಮಾರು 35 ಕಿಲೋ ಉಪ್ಪು ಸುರಿಯಬೇಕು. ಅದನ್ನೂ ಸುರಿದೆವು ಎನ್ನಿ, ನ್ಯಾನೊಕ್ಲೋರಾಪ್ಸಿಸ್‌ನಂಥ ಕಡಲ ಪಾಚಿಯ ಕಣ ಎರಡು-ಮೂರು ಮೈಕ್ರಾನ್‌ನಷ್ಟು ಸಣ್ಣದು, ಯಾವ ಬಟ್ಟೆಯಲ್ಲೂ ನಿಲ್ಲುವುದಿಲ್ಲ. ಸೋಸಲು ದುಬಾರಿ ಯಂತ್ರವೇ ಬೇಕು. ಹೀಗಾಗಿ ನಮ್ಮ ಕಡೆಗೆ ಒಗ್ಗುವುದು ಸ್ಪಿರುಲಿನಾ. ಶಾಸ್ತ್ರದ ಲೆಕ್ಕದಲ್ಲಿ ಇದು ಬ್ಯಾಕ್ಟೀರಿಯಾ ಕುಲದ್ದು, ರೂಢಿಯಲ್ಲಿ ನೀಲಿ-ಹಸಿರು ಪಾಚಿ. ಕ್ಷಾರದ ನೀರು, ಬಿಸಿಲು ಎರಡೂ ಇದಕ್ಕೆ ಇಷ್ಟ. ಇದರ ಸುರುಳಿ ಎಳೆಗಳನ್ನು ಬಟ್ಟೆಯಲ್ಲೇ ಸೋಸಬಹುದು. ಆಫ್ರಿಕಾದ ಚಾಡ್ ಸೀಮೆಯ ಹೆಂಗಸರು ಕೆರೆಯಿಂದ ಇದನ್ನು ತೆಗೆದು, ಮರಳ ಮೇಲೆ ಒಣಗಿಸಿ, ಸಂತೆಯಲ್ಲಿ ಮಾರುತ್ತಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಿಂದಲೇ ಇದರ ಮೇಲೆ ಕೆಲಸ ಮಾಡಿ, ಕಡಿಮೆ ಖರ್ಚಿನ ಪೋಷಕ ದ್ರಾವಣವೊಂದನ್ನು ರೂಪಿಸಿದೆ. ಕೆಳಗಿನ ಅಳತೆ ಅದರದ್ದೇ.

ಮೊದಲು ನೀರು, ಆಮೇಲೆ ತೊಟ್ಟಿ

ಬೇರೆ ಊರುಗಳ ಮಾಹಿತಿ ಪುಸ್ತಿಕೆಗಳಲ್ಲಿ ‘ಶುದ್ಧ ನೀರು ತುಂಬಿಸಿ’ ಎಂಬ ಒಂದೇ ಸಾಲು ಇರುತ್ತದೆ. ನಮ್ಮಲ್ಲಿ ಸೋಲು-ಗೆಲುವು ಇರುವುದೇ ಆ ಸಾಲಿನಲ್ಲಿ. ಸಿಮೆಂಟ್ ಕಾರ್ಖಾನೆಗಳನ್ನೂ ಪರಸಿ ಕಲ್ಲಿನ ಕಣಿಗಳನ್ನೂ ಕೊಟ್ಟ ಸುಣ್ಣದ ಕಲ್ಲು ಬೋರಿನ ನೀರಿನಲ್ಲೂ ಕರಗಿರುತ್ತದೆ. ಒಲೆಯ ಮೇಲಿನ ಪಾತ್ರೆಗೆ ಕಟ್ಟುವ ಬಿಳಿ ಪದರ ಅದೇ. ಇಂಥ ನೀರಿಗೆ ಸೋಡಾ, ರಂಜಕ ಹಾಕಿದ ಕೂಡಲೇ ಸುಣ್ಣ ಅವೆರಡನ್ನೂ ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಪಾಚಿಗೆ ಹಾಕಿದ ಗೊಬ್ಬರ ಕೆಸರಾಗುತ್ತದೆ, ಎಳೆಗಳೂ ಅದಕ್ಕಂಟಿ ಮುಳುಗುತ್ತವೆ.

ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ಆಯಿತು. ಮಳೆಗಾಲದ ಮೊದಲ ಮಳೆಗಳನ್ನು ಮಾತ್ರ ಹೊರಗೆ ಬಿಡಿ, ಮಾಳಿಗೆಯ ದೂಳೆಲ್ಲ ತೊಳೆದು ಬರುವುದು ಆಗಲೇ. ಬೋರಿನ ನೀರೇ ಗತಿ ಎಂದಾದರೆ ಬೇರೆ ಡ್ರಮ್ಮಿನಲ್ಲಿ ಸ್ವಲ್ಪ ವಾಷಿಂಗ್ ಸೋಡಾ ಕಲಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಬಳಸುವ ಮುನ್ನ ಗಡಸುತನ, ಫ್ಲೋರೈಡ್, ಆರ್ಸೆನಿಕ್, ಸೀಸ ಇವಿಷ್ಟನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಸ್ಪಿರುಲಿನಾ ನೀರಿನ ಭಾರಲೋಹಗಳನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹಾಳುಬಿದ್ದ ಕಣಿಯಲ್ಲಿ ನಿಂತ ನೀರು ಕನ್ನಡಿಯಂತೆ ತಿಳಿಯಾಗಿ ಕಂಡರೂ ಇದಕ್ಕೆ ಬೇಡವೇ ಬೇಡ.

ತೊಟ್ಟಿಗೆ ನಮ್ಮಲ್ಲಿ ಸಾಮಾನಿನ ಕೊರತೆಯಿಲ್ಲ. ಪರಸಿ ಕಲ್ಲುಗಳನ್ನು ಅಂಚಿನ ಮೇಲೆ ನಿಲ್ಲಿಸಿ, 3 ಮೀಟರ್ ಉದ್ದ, 2 ಮೀಟರ್ ಅಗಲ, ಒಂದೂವರೆ ಅಡಿ ಎತ್ತರದ ಚೌಕಟ್ಟು ಕಟ್ಟಿ. ಒಳಗೆ ಆಹಾರಕ್ಕೆ ತಕ್ಕ ಗುಣಮಟ್ಟದ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಹೊಸ ಸಿಮೆಂಟ್ ಗಿಲಾವಿನ ತೊಟ್ಟಿಗೆ ನೇರವಾಗಿ ಪಾಚಿ ಬಿಟ್ಟರೆ ಸುಣ್ಣ ಬಿಟ್ಟುಕೊಂಡು ಕೊಲ್ಲುತ್ತದೆ. ನೀರಿನ ಆಳ 17 ಸೆಂಟಿಮೀಟರ್ ಇದ್ದರೆ ಸಾವಿರ ಲೀಟರ್ ಹಿಡಿಯುತ್ತದೆ. ಮೇಲೆ ಪಾರದರ್ಶಕ ಹಾಳೆಯ ಮಾಡು, ಸುತ್ತ ಸೊಳ್ಳೆ ಪರದೆ ಇರಲೇಬೇಕು. ವಾಡಿ, ಶಹಾಬಾದ್, ಸೇಡಂಗಳಲ್ಲಿ ಬಯಲಲ್ಲಿಟ್ಟ ಬಟ್ಟಲಿನ ಮೇಲೆ ಸಂಜೆಯೊಳಗೆ ದೂಳು ಕೂರುತ್ತದೆ, ತೆರೆದ ತೊಟ್ಟಿಯ ಮಾತೇ ಬೇಡ. ಕಾರ್ಖಾನೆ, ಕಣಿಗಳಿಂದ ದೂರವಿರುವ ಚಿಂಚೋಳಿಯ ಹಳ್ಳಿಗಳಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು.

ಸಾವಿರ ಲೀಟರಿಗೆ ಅಳತೆ

ಅಡುಗೆ ಸೋಡಾ 4.5 ಕಿಲೋ, ಸೋಡಿಯಂ ನೈಟ್ರೇಟ್ 1.5 ಕಿಲೋ, ಅಯೋಡಿನ್ ಇಲ್ಲದ ಉಪ್ಪು 1 ಕಿಲೋ, ಪೊಟ್ಯಾಸಿಯಂ ಸಲ್ಫೇಟ್ 1 ಕಿಲೋ, ಡೈಪೊಟ್ಯಾಸಿಯಂ ಫಾಸ್ಫೇಟ್ 500 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 200 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 40 ಗ್ರಾಂ, ಫೆರಸ್ ಸಲ್ಫೇಟ್ 10 ಗ್ರಾಂ. ಕ್ಯಾಲ್ಸಿಯಂ ಮಳೆ ನೀರಿಗಷ್ಟೇ ಬೇಕು, ಬೋರಿನ ನೀರಿಗೆ ಹಾಕಬೇಡಿ. ಒಂದೊಂದನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಕರಗಿಸಿ ಸುರಿಯಿರಿ. ಕಬ್ಬಿಣದ್ದು ಕೊನೆಗೆ, ಅದೂ ಲಿಂಬೆ ರಸದೊಂದಿಗೆ ಕಲಸಿ. ಇಲ್ಲದಿದ್ದರೆ ತುಕ್ಕಾಗಿ ತಳ ಸೇರುತ್ತದೆ. ಖರ್ಚು ಉಳಿಸಲೆಂದು ಯೂರಿಯಾ ಸುರಿಯುವವರಿದ್ದಾರೆ. ಕೈ ಸ್ವಲ್ಪ ಹೆಚ್ಚಾದರೂ ಅಮೋನಿಯಾ ಎದ್ದು ಒಂದೇ ದಿನದಲ್ಲಿ ತೊಟ್ಟಿ ಸತ್ತುಹೋಗುತ್ತದೆ, ಹೊಸಬರು ಆ ದಾರಿಗೆ ಹೋಗಬಾರದು.

ಬೀಜದ ಪಾಚಿಯನ್ನು ಪ್ರಯೋಗಾಲಯದಿಂದಲೋ ನಂಬಿಕಸ್ಥ ಬೆಳೆಗಾರರಿಂದಲೋ ತನ್ನಿ. ಹತ್ತಿರದ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ನೋಡಿ: ಸ್ಪ್ರಿಂಗಿನಂಥ ಸುರುಳಿಗಳಷ್ಟೇ ಕಾಣಬೇಕು. ದುಂಡು ಕಣಗಳ ಗುಂಪು ಕಂಡರೆ ಅದು ವಿಷಕಾರಿ ಪಾಚಿಯೂ ಇರಬಹುದು, ಚೆಲ್ಲಿಬಿಡಿ. 20 ಲೀಟರ್ ಬೀಜವನ್ನು ಮೊದಲು 100 ಲೀಟರ್ ಮಾಡಿ, ಅದು ದಟ್ಟ ಹಸಿರಾದ ಮೇಲೆ 500, ಆಮೇಲೆ ಸಾವಿರ. ತೆಳುವಾಗಿರುವಾಗ ನೆರಳು ಕೊಡಿ, ನೇರ ಬಿಸಿಲಿಗೆ ಸುಟ್ಟುಹೋಗುತ್ತದೆ.

ಹಗಲು ನಾಲ್ಕೈದು ಸಲ ಮೆಲ್ಲಗೆ ಕಲಕಬೇಕು. ನೀರು 30ರಿಂದ 35 ಡಿಗ್ರಿ ಇದ್ದರೆ ಚೆನ್ನಾಗಿ ಬೆಳೆಯುತ್ತದೆ, 40 ಮುಟ್ಟಿದರೆ ಸಾಯತೊಡಗುತ್ತದೆ. ಹಾಗಾಗಿ ಏಪ್ರಿಲ್-ಮೇನಲ್ಲಿ ಹಸಿರು ನೆರಳು ಪರದೆ ಕಟ್ಟಿ, ನೀರಿನ ಆಳ ಹೆಚ್ಚಿಸಿ. ಆವಿಯಾದ ನೀರಿನ ಜಾಗಕ್ಕೆ ಮತ್ತೆ ಮತ್ತೆ ಬೋರಿನ ನೀರು ಬಿಟ್ಟರೆ ಸುಣ್ಣ ತೊಟ್ಟಿಯಲ್ಲೇ ಕೂಡುತ್ತ ಹೋಗುತ್ತದೆ, ಅದಕ್ಕೂ ತಿಳಿ ತೆಗೆದ ನೀರೇ ಆಗಬೇಕು. ಪಿಎಚ್ ಪಟ್ಟಿಯಲ್ಲಿ 9ರಿಂದ 10.5 ತೋರಿಸಲಿ. ಅದಕ್ಕಿಂತ ಮೇಲೇರಿದರೆ ಅಡುಗೆ ಸೋಡಾ ಸೇರಿಸಿ. ಹೊಸದಾಗಿ ಶುರುಮಾಡಲು ಮಳೆ ಹಿಂದೆ ಸರಿದು, ಚಳಿ ಇನ್ನೂ ಬಾರದ ಅಕ್ಟೋಬರ್ ಒಳ್ಳೆಯ ಕಾಲ.

ಸೋಸಿ ಒಣಗಿಸುವುದು

ಕೋಲಿನ ತುದಿಗೆ ಬಿಳಿ ಮುಚ್ಚಳವೊಂದನ್ನು ಕಟ್ಟಿ ನೀರಿಗಿಳಿಸಿ. ಎರಡು-ಮೂರು ಸೆಂಟಿಮೀಟರಿನಲ್ಲೇ ಅದು ಕಣ್ಮರೆಯಾದರೆ ಕೊಯ್ಲಿಗೆ ಬಂದಿದೆ. ಬೆಳಗಿನ ಜಾವ ಮೊದಲು ಒರಟು ಜಾಳಿಗೆಯಲ್ಲಿ ಹುಳ-ಕಸ ತೆಗೆದು, ನಂತರ 50 ಮೈಕ್ರಾನ್ ನೈಲಾನ್ ಬಟ್ಟೆಯಲ್ಲಿ ಸೋಸಿ. ಸೋಸಿದ ನೀರನ್ನು ತೊಟ್ಟಿಗೇ ಬಿಡಿ. ಒಂದೇ ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಕೊಯ್ಯಬೇಡಿ. ಒಳ್ಳೆಯ ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿಟ್ಟು ಹಿಂಡಿ, ಶಾವಿಗೆ ಒತ್ತುವ ಒರಳಿನಲ್ಲಿ ಎಳೆಯಾಗಿ ಒತ್ತಿ. ಪರದೆ ಮುಚ್ಚಿದ ಸೋಲಾರ್ ಡ್ರೈಯರ್‌ನಲ್ಲಿ 60 ಡಿಗ್ರಿ ದಾಟದಂತೆ ಅದೇ ದಿನ ಒಣಗಿಸಿ. ಮುರಿದರೆ ಟಕ್ಕೆನ್ನಬೇಕು. ಕೆಟ್ಟ ವಾಸನೆ ಬಂದದ್ದನ್ನು ಯಾರಿಗೂ ಕೊಡಬೇಡಿ.

ಇಂಥ ತೊಟ್ಟಿಯಿಂದ ದಿನಕ್ಕೆ 30ರಿಂದ 45 ಗ್ರಾಂ ಪುಡಿ ಸಿಕ್ಕರೆ ಅದು ಚೆನ್ನಾಗಿ ನಡೆದಿದೆ ಎಂದರ್ಥ. ತೆಗೆದಷ್ಟಕ್ಕೂ ಮರಳಿ ಗೊಬ್ಬರ ಕೊಡಬೇಕು: ಒಂದು ಕಿಲೋ ಒಣಪುಡಿಯಲ್ಲಿ ಸುಮಾರು 100 ಗ್ರಾಂ ಸಾರಜನಕ ಹೊರಹೋಗುತ್ತದೆ, ಸೋಡಿಯಂ ನೈಟ್ರೇಟ್ ಲೆಕ್ಕದಲ್ಲಿ ಅದು 600 ಗ್ರಾಂ. ಬಣ್ಣ ಹಳದಿಗೆ ತಿರುಗಿದರೆ ಸಾರಜನಕದ ಕೊರತೆ ಇರಬಹುದು.

‘ಶೇ 60ರಷ್ಟು ಪ್ರೋಟೀನ್’ ಎಂಬ ಜಾಹೀರಾತು ಸುಳ್ಳಲ್ಲ. ಆದರೆ ದಿನಕ್ಕೆ ತಿನ್ನುವ 3 ಗ್ರಾಂನಲ್ಲಿ ಸಿಗುವುದು 2 ಗ್ರಾಂ ಪ್ರೋಟೀನ್ ಮಾತ್ರ. ಒಂದು ಬಟ್ಟಲು ಬೆಂದ ನಮ್ಮ ತೊಗರಿ ಬೇಳೆ ಇದನ್ನು ಸುಲಭವಾಗಿ ಮೀರಿಸುತ್ತದೆ. ಸ್ಪಿರುಲಿನಾದ ನಿಜವಾದ ಬೆಲೆ ಕಬ್ಬಿಣ ಮತ್ತು ಬೀಟಾ ಕ್ಯಾರೊಟಿನ್‌ನದು. ಇದರ ಬಿ12 ಹೆಚ್ಚಿನ ಪಾಲು ನಮ್ಮ ದೇಹಕ್ಕೆ ದಕ್ಕುವುದಿಲ್ಲ, ಮೀನೆಣ್ಣೆಯ ಒಮೆಗಾ-3 ಇದರಲ್ಲಿಲ್ಲ. ಶೇಂಗಾ ಹಿಂಡಿಯಲ್ಲಿ ಬೆರೆಸಿ ರೊಟ್ಟಿಯೊಂದಿಗೆ ತಿಂದರೆ ರುಚಿಯೂ ಕೆಡದು, ಕಾಯಿಸುವ ಗೋಜೂ ಇಲ್ಲ. ಗರ್ಭಿಣಿಯರು, ಸಣ್ಣ ಮಕ್ಕಳು, ಸ್ವಯಂಪ್ರತಿರಕ್ಷಣಾ ಕಾಯಿಲೆಯವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಇಲ್ಲವೇ ಪರವಾನಗಿ ಕಡ್ಡಾಯ. ಭಾರಲೋಹ, ಸೂಕ್ಷ್ಮಜೀವಿ, ಮೈಕ್ರೋಸಿಸ್ಟಿನ್ (ವಿಷಕಾರಿ ಪಾಚಿ ಬಿಡುವ ನಂಜು) ಪರೀಕ್ಷೆಯ ವರದಿ ಕೈಯಲ್ಲಿರಲಿ. ಬೀಜದ ಜೊತೆಗೆ ‘ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ’ ಎಂಬ ಭರವಸೆಯನ್ನೂ ಮಾರುವವರು ಬಂದರೆ, ಅವರಿಗೆ ಈಗಾಗಲೇ ಪುಡಿ ಕೊಟ್ಟು ಹಣ ಪಡೆದ ರೈತರ ಊರಿಗೆ ಹೋಗಿ ವಿಚಾರಿಸಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.