ಒಂದು ಸೂರಿನಡಿ ಎರಡು ಋತು

ಮಿಶಿಗನ್ ಸರೋವರದ ಪಶ್ಚಿಮ ತೀರದಲ್ಲಿರುವ ಮಿಲ್ವಾಕೀ ನಗರದ ಹವೆ ಗೃಹಸ್ಥನನ್ನು ಎರಡು ದಿಕ್ಕಿನಿಂದಲೂ ಪರೀಕ್ಷಿಸುವಂಥದು. ಚಳಿಗಾಲದಲ್ಲಿ ಉಷ್ಣತೆಯು ಒಮ್ಮೊಮ್ಮೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿಳಿಯುವುದುಂಟು. ಜುಲೈ ತಿಂಗಳಲ್ಲಿ ಅದೇ ಊರು 32 ಡಿಗ್ರಿಯ ಸೆಕೆಯಲ್ಲಿ ಬೆವರುವುದೂ ಉಂಟು. ನೆಲಮಾಳಿಗೆಯಲ್ಲಿ ಒಂದು ಫರ್ನೇಸು, ಹಿತ್ತಲಲ್ಲಿ ಏಸಿಯ ಯಂತ್ರ, ಗೋಡೆಗಳ ಒಳಗೆ ತಗಡಿನ ಡಕ್ಟುಗಳು, ಕೆಳಗಿನ ಪಡಸಾಲೆಯಲ್ಲಿ ಒಂದೇ ಒಂದು ಥರ್ಮೋಸ್ಟಾಟು, ಆಗ ಇಷ್ಟು ಸಾಧನಸಂಪತ್ತಿಯಿದ್ದ ಎರಡಂತಸ್ತಿನ ಮನೆ ನಮ್ಮದು. ಆ ಥರ್ಮೋಸ್ಟಾಟಾದರೋ ತಾನಿರುವ ಸ್ಥಳದ ಹವೆಯನ್ನಲ್ಲದೆ ಮತ್ತೊಂದನ್ನರಿಯದು. ಆದುದರಿಂದ ಬೇಸಗೆಯ ರಾತ್ರಿಗಳಲ್ಲಿ ಕೆಳಗಿನ ಕೋಣೆಯಲ್ಲಿ ನಮ್ಮ ತಾಯಿಯವರು ಶಾಲು ಹೊದ್ದು ಕುಳಿತಿರುವಾಗ, ಮೇಲೆ ಮಕ್ಕಳು ಸೆಕೆ ತಾಳಲಾರದೆ ಹಾಸಿಗೆಯಲ್ಲಿ ಹೊರಳಾಡುತ್ತಿದ್ದರು. ಚಳಿಗಾಲದಲ್ಲಿ ಉಳಿದ ಕೋಣೆಗಳೆಲ್ಲ ಬೆಚ್ಚಗಿದ್ದರೂ ಗ್ಯಾರೇಜಿನ ಮೇಲಿನ ಕೋಣೆ ಮಾತ್ರ ಕಾಲಿಡಲಾಗದಷ್ಟು ತಣ್ಣಗಿರುತ್ತಿತ್ತು.

ಇದಕ್ಕೆ ಪರಿಹಾರವಾಗಿ ನಮ್ಮ ಮುಂದೆ ಬಂದ ಸಲಹೆಯು ಮನೆಯನ್ನು ನಾಲ್ಕು ಝೋನುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬೇರೆ ಥರ್ಮೋಸ್ಟಾಟನ್ನು ಕೊಡುವುದೆಂಬುದು. ಈ ಕಲ್ಪನೆ ಹೊಸದೇನೂ ಅಲ್ಲ. ಅದರ ಮೂಲವೂ ನಮ್ಮ ಈ ವಿಸ್ಕಾನ್ಸಿನ್ ಪ್ರಾಂತದಲ್ಲೇ ಇದೆ. ವೈಟ್‌ವಾಟರ್ ಎಂಬ ಊರಿನ ನಾರ್ಮಲ್ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ವಾರನ್ ಜಾನ್ಸನ್ನರು, ಉಷ್ಣತೆಯನ್ನು ನೋಡಿಹೋಗಲೆಂದು ಶಾಲೆಯ ಜವಾನನು ಪಾಠದ ನಡುವೆ ತರಗತಿಯೊಳಕ್ಕೆ ನುಗ್ಗುತ್ತಿದ್ದುದರಿಂದ ಬೇಸತ್ತು, ಕೋಣೆಯ ಸ್ಥಿತಿಯನ್ನು ನೆಲಮಾಳಿಗೆಯಲ್ಲಿರುವವನಿಗೆ ಗಂಟೆಯ ಮೂಲಕ ತಿಳಿಸುವ ವಿದ್ಯುತ್ ಸಾಧನವೊಂದನ್ನು ರಚಿಸಿ, 1883ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ಕೋಣೆಯೊಂದು ತನ್ನ ಅವಶ್ಯಕತೆಯನ್ನು ತಾನೇ ತಿಳಿಸತಕ್ಕದ್ದೆಂಬ ತತ್ತ್ವವು ಅಂದಿನದೇ. ಅಂದು ಜವಾನನು ಕೈಯಿಂದ ತೆರೆದು ಮುಚ್ಚುತ್ತಿದ್ದ, ಗಾಳಿಯ ದಾರಿಯ ಕದವಾದ ಡ್ಯಾಂಪರನ್ನು ಇಂದು ಒಂದು ಪುಟ್ಟ ಮೋಟರು ತೆರೆದು ಮುಚ್ಚುತ್ತದೆ.

ತತ್ತ್ವ ಇಷ್ಟು ಸರಳವಾಗಿದ್ದರೂ ಆಚರಣೆಯಲ್ಲಿ ತೊಡಕಿದೆಯೆಂಬುದು ಹಲವು ಬಲ್ಲವರನ್ನು ಕೇಳಿದ ಮೇಲೆ ನಮಗೆ ಮನವರಿಕೆಯಾಯಿತು. ತಂಪುಮಾಡುವ ಯಂತ್ರದ ಶಕ್ತಿಯನ್ನು ಟನ್ನಿನಿಂದ ಅಳೆಯುವುದು ರೂಢಿ; ಒಂದು ಟನ್ನೆಂದರೆ ಗಂಟೆಗೆ 12,000 ಬಿಟಿಯು ಶಾಖವನ್ನು ಹೊರತೆಗೆಯುವ ಶಕ್ತಿ, ಮತ್ತು ಅದಕ್ಕೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಹರಿಯಬೇಕು. ಆಗ ನಮ್ಮಲ್ಲಿದ್ದುದು ಮೂರು ಟನ್ನಿನ ಯಂತ್ರ. ಒಂದೇ ವೇಗದಲ್ಲಿ ತಿರುಗುವ ಅದರ ಬ್ಲೋವರು 1,200 ಘನ ಅಡಿ ಗಾಳಿಯನ್ನು ನೂಕುತ್ತಿರುವಾಗ ಮೂರು ಝೋನುಗಳ ಡ್ಯಾಂಪರುಗಳು ಮುಚ್ಚಿಕೊಂಡು, ಒಂದು ಕೋಣೆಯ ಕಿರಿದಾದ ಡಕ್ಟೊಂದೇ ತೆರೆದಿದ್ದರೆ ಏನಾದೀತು? ತುಂಬಿದ ಕೆರೆಗೆ ಒಂದೇ ತೂಬನ್ನು ತೆರೆದಾಗ ಕಾಲುವೆಗೆ ಒದಗುವ ಗತಿಯೇ ಆ ಡಕ್ಟಿಗೂ ಒದಗುವುದು: ಗಾಳಿ ಶಿಳ್ಳೆಹಾಕುತ್ತದೆ, ಸಂದುಗಳಲ್ಲಿ ಸೋರುತ್ತದೆ, ಯಂತ್ರದ ಮೇಲೆ ಹಾಯಬೇಕಾದ ಗಾಳಿ ಕಡಿಮೆಯಾಗಿ ಬೇಸಗೆಯಲ್ಲಿ ತಂಪುಮಾಡುವ ಕಾಯಿಲಿನ ಮೇಲೆ ಮಂಜುಗಟ್ಟುತ್ತದೆ, ಚಳಿಗಾಲದಲ್ಲಿ ಫರ್ನೇಸು ಅತಿಯಾಗಿ ಕಾದು ತನ್ನ ರಕ್ಷಣಾ ಸ್ವಿಚ್ಚಿನಿಂದ ತಾನೇ ನಿಂತುಹೋಗುತ್ತದೆ. ಇದನ್ನು ತಪ್ಪಿಸಲು ಹೆಚ್ಚಿದ ಗಾಳಿಯನ್ನು ಬೈಪಾಸ್ ಡಕ್ಟಿನ ಮೂಲಕ ಯಂತ್ರಕ್ಕೇ ಮರಳಿಸುವ ಪದ್ಧತಿಯುಂಟು. ಆದರೆ ಹಣಕೊಟ್ಟು ತಂಪಾಗಿಸಿದ ಗಾಳಿಯನ್ನು ಕೋಣೆಗೆ ಮುಟ್ಟಿಸದೆ ಹಿಂದಕ್ಕೆ ಕರೆಸಿಕೊಳ್ಳುವುದರಲ್ಲಿ ಮಿತವ್ಯಯವೆಲ್ಲಿಯದು? ಬೇಡಿಕೆಗೆ ತಕ್ಕಂತೆ ವೇಗವನ್ನು ಇಳಿಸಿಕೊಳ್ಳಬಲ್ಲ ಯಂತ್ರವಿದ್ದಲ್ಲಿ ಮಾತ್ರ ಝೋನುಗಳ ವಿಭಾಗ ನಿಜವಾಗಿ ಶೋಭಿಸುತ್ತದೆ. ಬಳಸದ ಕೋಣೆಯ ಗಾಳಿಕಿಂಡಿಯನ್ನು ಮುಚ್ಚಿಬಿಟ್ಟರೆ ಖರ್ಚಿಲ್ಲದೆ ಇದೇ ಫಲ ಸಿಗುವುದೆಂದು ಮಿತ್ರರು ಹೇಳುವುದುಂಟು. ಅಲ್ಲಿಯೂ ಇದೇ ಒತ್ತಡ, ಇದೇ ಸೋರಿಕೆ.

ನಾಲ್ಕು ಝೋನುಗಳ ಬೆಲೆಯನ್ನು ಕೇಳುವುದಕ್ಕೆ ಮುಂಚೆ ಮನೆಯ ಸ್ವಭಾವವನ್ನು ತಿಳಿಯುವುದು ಮೇಲೆಂದು ನಿಶ್ಚಯಿಸಿದೆವು. ಮನೆಯ ಚದರಡಿಯನ್ನಷ್ಟೇ ಕೇಳಿ ಉತ್ತರ ಹೇಳುವವರನ್ನು ಬಿಟ್ಟು, ಪ್ರತಿ ಕೋಣೆಯ ಕಿಟಕಿ, ದಿಕ್ಕು, ಗೋಡೆ, ಮಾಡುಗಳನ್ನು ಅಳೆದು, ಇಲ್ಲಿಯವರು ‘ಮ್ಯಾನುಯಲ್ ಜೆ’ ಎಂದು ಕರೆಯುವ ಲೆಕ್ಕವನ್ನು ಮಾಡಿಕೊಡುವವರನ್ನು ಹುಡುಕಿದೆವು. ಆ ಲೆಕ್ಕ ಹೇಳಿದ ಸಂಗತಿ ಸ್ವಾರಸ್ಯವಾಗಿತ್ತು: ಮೇಲಂತಸ್ತಿನ ಸೆಕೆಗೆ ಥರ್ಮೋಸ್ಟಾಟಿನ ಅಜ್ಞಾನವೊಂದೇ ಕಾರಣವಲ್ಲ, ಅಟ್ಟದ ಉಷ್ಣನಿರೋಧಕ ಹೊದಿಕೆ ತೆಳ್ಳಗಾಗಿದ್ದುದೂ ಡಕ್ಟುಗಳ ಸಂದುಗಳು ಬಿಟ್ಟಿದ್ದುದೂ ಅಷ್ಟೇ ಕಾರಣ. ಅಮೆರಿಕದ ಸಾಮಾನ್ಯ ಮನೆಯಲ್ಲಿ ಡಕ್ಟುಗಳಲ್ಲಿ ಹರಿಯುವ ಗಾಳಿಯ ಶೇಕಡಾ 20ರಿಂದ 30 ಭಾಗ ದಾರಿಯಲ್ಲಿಯೇ ಸೋರಿಹೋಗುವುದೆಂದು ಎನರ್ಜಿ ಸ್ಟಾರ್ ಕಾರ್ಯಕ್ರಮದವರು ಹೇಳುತ್ತಾರೆ. ಸಂದುಗಳನ್ನು ಮುಚ್ಚಿಸಿ, ಅಟ್ಟದ ಹೊದಿಕೆಯನ್ನು ದಪ್ಪಗೊಳಿಸಿದ ಮೇಲೆ ಎರಡು ಅಂತಸ್ತುಗಳ ತಾರತಮ್ಯ ಗಮನಾರ್ಹವಾಗಿ ಇಳಿಯಿತು. ಮನೆಯ ದೋಷಕ್ಕೂ ಯಂತ್ರದ ದೋಷಕ್ಕೂ ಭೇದವೆಣಿಸದೆ ಝೋನುಗಳನ್ನು ಮಾಡಿಸುವುದೆಂದರೆ ಆ ಸೋರಿಕೆಯನ್ನೇ ನಾಲ್ಕು ಪಾಲು ಮಾಡಿದಂತೆ.

ಯಾವ ಲೆಕ್ಕದಲ್ಲಿಯೂ ಬಾರದ ಇನ್ನೊಂದು ವಿಷಯವುಂಟು. ಅದು ಮನೆಯವರ ರೀತಿನೀತಿ. ಬೇರೆ ಬೇರೆ ಹವೆ ಬೇರೆಯಾಗಿಯೇ ನಿಲ್ಲಬೇಕಾದರೆ ನಡುವೆ ಮುಚ್ಚಿದ ಬಾಗಿಲಿರಬೇಕು. ನಮ್ಮ ಮನೆಯಲ್ಲಿ ಮೊಮ್ಮಗನು ಹಗಲಿನಲ್ಲಿ ಬಾಗಿಲು ಹಾಕಿಕೊಂಡರೆ, “ಯಾಕೋ, ಯಾರ ಮೇಲೋ ಕೋಪ?” ಎಂದು ತಾಯಿಯವರು ಮೆಟ್ಟಿಲ ಬುಡದಿಂದಲೇ ಕೂಗಿ ಕೇಳುವರು. ಅಡಿಗೆಮನೆ, ಪಡಸಾಲೆ, ಊಟದ ಜಾಗಗಳು ಗೋಡೆಯಿಲ್ಲದೆ ಒಂದರೊಳಗೊಂದು ಸೇರಿಹೋಗಿರುವ ಕೆಳ ಅಂತಸ್ತನ್ನು ಎರಡು ಝೋನಾಗಿ ಮಾಡಿದರೆ, ಒಂದರ ತಂಪನ್ನು ಇನ್ನೊಂದರ ಬಿಸಿ ನುಂಗಿಹಾಕುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಮೇಲು ಕೆಳಗುಗಳ ವಿಭಾಗವಾದರೋ ಬೇರೆ ಬಗೆಯದು. ಮೆಟ್ಟಿಲ ದಾರಿ ತೆರೆದಿದ್ದರೂ, ಹಗಲೆಲ್ಲ ಕೆಳಗೆ, ರಾತ್ರಿಯೆಲ್ಲ ಮೇಲೆ ಎಂಬಂತೆ ಸಂಸಾರದ ಬಹುಭಾಗ ಹೊತ್ತಿಗನುಸಾರವಾಗಿ ಸ್ಥಳ ಬದಲಾಯಿಸುವುದರಿಂದ ಅಲ್ಲಿ ಬೇಡಿಕೆಯೇ ಭಿನ್ನವಾಗಿದೆ.

ಉಳಿತಾಯದ ಮಾತಿಗೂ ಒಂದು ಮಿತಿಯಿದೆ. ಥರ್ಮೋಸ್ಟಾಟನ್ನು ದಿನಕ್ಕೆ ಎಂಟು ಗಂಟೆಯ ಕಾಲ ಎಂದಿನ ಮಟ್ಟದಿಂದ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಚಳಿಗಾಲದಲ್ಲಿ ಇಳಿಸಿ, ಬೇಸಗೆಯಲ್ಲಿ ಏರಿಸಿ ಇಟ್ಟರೆ ಮನೆಯನ್ನು ಬಿಸಿ ಮತ್ತು ತಂಪು ಮಾಡುವ ವರ್ಷದ ಖರ್ಚಿನಲ್ಲಿ ಶೇಕಡಾ 10ರವರೆಗೆ ಉಳಿಯಬಹುದೆಂದು ಅಮೆರಿಕ ಸರ್ಕಾರದ ಇಂಧನ ಇಲಾಖೆಯ ಅಭಿಪ್ರಾಯ. ಅದಕ್ಕೆ ವೇಳೆಗೆ ಸರಿಯಾಗಿ ತಾನೇ ಬದಲಾಗುವ ಒಂದು ಥರ್ಮೋಸ್ಟಾಟು ಸಾಕು. ಯಾರೂ ಇಲ್ಲದ ಝೋನನ್ನೂ ಇಲ್ಲಿ ಇಷ್ಟಬಂದಷ್ಟು ತಣ್ಣಗೆ ಬಿಡುವಂತಿಲ್ಲ. 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಸಿದರೆ ಗೋಡೆಯೊಳಗಿನ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯುವ ಭಯ. ಹೀಗಿರುವಲ್ಲಿ, ಸಾವಿರಾರು ಡಾಲರು ಕೊಟ್ಟು ಝೋನುಗಳನ್ನು ಕೊಳ್ಳುವವನು ಮುಖ್ಯವಾಗಿ ಸೌಖ್ಯವನ್ನು ಕೊಳ್ಳುತ್ತಿರುವನೆಂದೂ ಉಳಿತಾಯವು ಆನುಷಂಗಿಕ ಫಲವೆಂದೂ ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಹಳೆಯ ಮನೆಗಳಲ್ಲಿ ಬಿಸಿನೀರಿನ ರೇಡಿಯೇಟರುಗಳಿದ್ದವರ ಭಾಗ್ಯ ಬೇರೆ. ಅವರಿಗೆ ಕೊಳವೆಗಳ ಮೇಲೆ ಕೆಲವು ವಾಲ್ವುಗಳನ್ನು ಕೂರಿಸಿದರೆ ಚಳಿಗಾಲದ ಮಟ್ಟಿಗೆ ವಿಭಾಗವಾಗಿಬಿಡುತ್ತದೆ.

ಕಡೆಗೆ, ಹಳೆಯ ಫರ್ನೇಸನ್ನು ಹೇಗೂ ಬದಲಾಯಿಸಬೇಕಾದ ಕಾಲ ಬಂದಾಗ, ವೇಗವನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರವನ್ನು ತಂದು, ನಾಲ್ಕರ ಬದಲು ಎರಡೇ ಝೋನುಗಳನ್ನು, ಬೈಪಾಸ್ ಇಲ್ಲದೆ, ಮಾಡಿಸಿದೆವು. ಯಾವ ಡ್ಯಾಂಪರಿನಿಂದಲೂ ಸರಿಹೋಗದ ಗ್ಯಾರೇಜಿನ ಮೇಲಿನ ಕೋಣೆಗೆ ಡಕ್ಟಿನ ಹಂಗಿಲ್ಲದ ಮಿನಿ-ಸ್ಪ್ಲಿಟ್ ಒಂದನ್ನು ಬೇರೆಯಾಗಿ ಹಾಕಿಸಿದೆವು. ಈಗ ರಾತ್ರಿ ಮೇಲೆ ತಂಪಾಗಿದ್ದರೂ ಕೆಳಗೆ ಶಾಲು ಬೇಕಾಗುವುದಿಲ್ಲ. ಆದರೆ ನನ್ನನ್ನು ಕೇಳುವವರಿಗೆ ನಾನು ಎರಡು ಝೋನುಗಳನ್ನು ಹಾಕಿಸಿರೆಂದು ಹೇಳುವುದಿಲ್ಲ. ಅಟ್ಟ, ಡಕ್ಟುಗಳ ಸ್ಥಿತಿಯೇನು, ಬಾಗಿಲುಗಳು ಎಲ್ಲಿವೆ, ಯಾವ ಹೊತ್ತಿನಲ್ಲಿ ಯಾರು ಎಲ್ಲಿರುವರು, ಯಂತ್ರ ತನ್ನ ವೇಗವನ್ನು ಇಳಿಸಬಲ್ಲುದೆ ಎಂಬ ನಾಲ್ಕನ್ನು ಇದೇ ಅನುಕ್ರಮದಲ್ಲಿ ವಿಚಾರಿಸಿಕೊಳ್ಳಿರೆನ್ನುತ್ತೇನೆ. ಒಂದೇ ಅಂತಸ್ತಿನ, ತೆರೆದ ಪಡಸಾಲೆಯ, ಎಲ್ಲರೂ ಒಂದೇ ಹೊತ್ತಿಗೆ ಎದ್ದು ಮಲಗುವ ಮನೆಯಾದರೆ ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ಕೆಲಸ ಮುಗಿದೀತು; ಉಳಿದ ಹಣ ಅವರ ಕೈಯಲ್ಲೇ ಉಳಿದೀತು.