ಸ್ನಾರ್ಕೆಲಿಂಗಿಗೆ ಹೊಂದುವ ಫಿನ್‌ಗಳ ಆಯ್ಕೆ

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೋ ಅಂಡಮಾನಿನ ಹ್ಯಾವ್ಲಾಕಿಗೋ ರಜೆಯಲ್ಲಿ ಹೋಗಿ, ಉಸಿರುಕೊಳವೆ ಕಚ್ಚಿಕೊಂಡು ನೀರಿನ ಮೇಲ್ಮೈಯಲ್ಲೇ ತೇಲುತ್ತ ಹವಳ, ಮೀನುಗಳನ್ನು ನೋಡುವ ಸ್ನಾರ್ಕೆಲಿಂಗಿಗೆ ಹೊರಡುವವರು ಮುಖಗವಸಿಗೆ ಕೊಡುವಷ್ಟೇ ಗಮನವನ್ನು ಫಿನ್‌ಗಳಿಗೂ, ಅಂದರೆ ಬಾತುಕೋಳಿಯ ಪಾದದಂತೆ ಅಗಲವಾದ ಅಲಗುಳ್ಳ ಕಾಲುತೊಡುಗೆಗೂ, ಕೊಡುವುದು ಒಳಿತು.

ಫಿನ್‌ಗಳಲ್ಲಿ ಹಿಮ್ಮಡಿಸಹಿತ ಇಡೀ ಪಾದವನ್ನು ಆವರಿಸುವುದು ಒಂದು ಬಗೆಯಾದರೆ, ಹಿಂಬದಿ ತೆರೆದಿದ್ದು ಪಟ್ಟಿಯಿಂದ ಬಿಗಿಯುವುದು ಇನ್ನೊಂದು. ಬೆಚ್ಚಗಿನ ಸಮುದ್ರದಲ್ಲಿ ದೋಣಿಯಿಂದಲೇ ನೀರಿಗಿಳಿಯುವವರಿಗೆ ಮೊದಲನೆಯದೇ ಹಗುರ. ಕಲ್ಲುತೀರದಲ್ಲಿ ನಡೆದು ಇಳಿಯಬೇಕಾದೆಡೆ ಮಾತ್ರ, ಒಳಗೆ ದಪ್ಪ ಅಡಿಯ ಬೂಟು ತೊಡಬಹುದಾದ ಎರಡನೆಯದು ಉಪಯುಕ್ತ.

ಉದ್ದವಾದ ಗಡುಸು ಅಲಗು ವೇಗ ಕೊಡುವುದು ನಿಜವಾದರೂ, ಅದು ಪ್ರತಿ ಒದೆತಕ್ಕೂ ಹೆಚ್ಚು ನೀರನ್ನು ತಳ್ಳುವುದರಿಂದ ಅಭ್ಯಾಸವಿಲ್ಲದವರ ಮೀನಖಂಡದ ಸ್ನಾಯು ಬೇಗ ದಣಿದು ಹಿಡಿದುಕೊಳ್ಳುತ್ತದೆ, ದಡದಿಂದ ದೂರದಲ್ಲಿ ಹಾಗಾಗುವುದು ಅಪಾಯಕರ. ಗಿಡ್ಡಗಿದ್ದು ಬಾಗುವ ಅಲಗೇ ಲೇಸು. ಅದು ತಾಗಿ ಹವಳ ಮುರಿಯುವ ಸಂಭವವೂ ಕಡಿಮೆ, ಸಾಮಾನ್ಯ ಪ್ರಯಾಣದ ಚೀಲದೊಳಗೂ ಹಿಡಿಯುತ್ತದೆ.

ಅಳತೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನೆನೆದ ಚರ್ಮ ಮೆತ್ತಗಾಗುವುದರಿಂದ, ಅಂಗಡಿಯಲ್ಲಿ ತುಸುವೇ ಉಜ್ಜುವ ರಬ್ಬರಿನ ಅಂಚು ಸಮುದ್ರದಲ್ಲಿ ಬೊಕ್ಕೆ ಎಬ್ಬಿಸಬಹುದು, ತೀರ ಸಡಿಲವಾದದ್ದು ಅಲೆಗೆ ಕಳಚಿಹೋಗಬಹುದು. ಬೆರಳುಗಳು ಮಡಚಿಕೊಳ್ಳದೆ, ಕಾಲು ಕೊಡವಿದಾಗ ಹಿಮ್ಮಡಿ ಜಾರದೆ ಕೂರುವುದೇ ಸರಿಯಾದ ಅಳತೆ. ಅಲ್ಪಸ್ವಲ್ಪ ಸಡಿಲವಿದ್ದರೆ ನಿಯೋಪ್ರೀನ್ ಎಂಬ ಮೆತ್ತನೆಯ ಕೃತಕ ರಬ್ಬರಿನ ತೆಳು ಕಾಲುಚೀಲ ನೆರವಾಗುತ್ತದೆ. ಬಾಡಿಗೆಗೆ ಪಡೆಯುವವರು ಎರಡೂ ಕಾಲಿಗೆ ತೊಟ್ಟು, ಬಿರುಕುಗಳಿಲ್ಲವೆಂದು ಖಚಿತಪಡಿಸಿಕೊಂಡೇ ದೋಣಿ ಹತ್ತಬೇಕು.