ಹುಳುಮನೆಯ ತೇವ, ನಡುಮನೆಯ ದಮ್ಮು

ಅನಂತಪುರದ ಸೀಮೆಯವರಿಗೆ ಮನೆಯೊಳಗಿನ ತೇವದಿಂದ ದಮ್ಮು ಬಂತು ಎಂದರೆ ಮಲೆನಾಡಿನ ನೆಂಟರು ನಗುತ್ತಾರೆ. ವರ್ಷದ ಸರಾಸರಿ ಮಳೆಯೇ 550 ಮಿಲಿಮೀಟರ್ ಆಸುಪಾಸು. ಆದರೂ ಹಿಂದೂಪುರದ ಸುತ್ತಲಿನ ಹಳ್ಳಿಗಳಲ್ಲಿ ತೇವಕ್ಕೆ ಬರವಿಲ್ಲ. ರೇಷ್ಮೆ ಹುಳುವಿಗಾಗಿ ಅದನ್ನು ನಾವೇ ಮಾಡುತ್ತೇವೆ.

ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ ಶಾಖ, ಶೇ. 80ರಿಂದ 90ರಷ್ಟು ತೇವಾಂಶ ಬೇಕು. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ದೊಡ್ಡ ಹುಳುವಿಗೂ ಶೇ. 70ರಷ್ಟಾದರೂ ಇರಬೇಕು. ಏಪ್ರಿಲ್‌ನಲ್ಲಿ ಹೊರಗಿನ ಗಾಳಿ ಸುಟ್ಟ ಹಪ್ಪಳದಂತಿರುವಾಗ ಇದಕ್ಕೆ ಕಿಟಕಿಗೆ ಒದ್ದೆ ಗೋಣಿ ಕಟ್ಟಬೇಕು, ನೆಲಕ್ಕೆ ನೀರು ಚೆಲ್ಲಬೇಕು, ಬಾಗಿಲು ಮುಚ್ಚಬೇಕು. ಬೇರೆ ಹುಳುಮನೆ ಕಟ್ಟಲು ಕೈಯಲ್ಲಿ ಕಾಸಿಲ್ಲದವರು ನಡುಮನೆಯಲ್ಲೇ ತಟ್ಟೆ ಜೋಡಿಸುತ್ತಾರೆ. ನಮ್ಮದೂ ಹಾಗೇ ಇತ್ತು. ಗೋಡೆಯ ಆಚೆ ಹುಳು, ಈಚೆ ಅತ್ತೆ ಮತ್ತು ನನ್ನ ಮಗಳ ಹಾಸಿಗೆ.

ಆ ಗೋಡೆ ಬುಡದಿಂದ ಕಪ್ಪಾಗುತ್ತ ಬಂತು. ಬೆಳಗಿನ ಜಾವ ಅತ್ತೆ ಎದ್ದು ಕೂತು ಉಸಿರಿಗೆ ಒದ್ದಾಡುವರು. ಮಗಳ ಎದೆಯಲ್ಲಿ ಗೊರಗೊರ. ಬೆಳೆಯಿಂದ ಬೆಳೆಗೆ ಹೆಚ್ಚು, ಗೂಡು ಮಾರಿ ಮನೆ ತೊಳೆದ ಮೇಲೆ ಸ್ವಲ್ಪ ಹಗುರ. "ಏನಮ್ಮಾ, ಮನೇಲಿ ಹುಳ ಮೇಯಿಸ್ತೀರಾ?" ಎಂದು ಡಾಕ್ಟರು ಮೊದಲೇ ಕೇಳಿದ್ದು ಅದಕ್ಕೇ ಇರಬೇಕು. ಹಾಸಿಗೆ, ದಿಂಬಿನಲ್ಲಿರುವ ಕಣ್ಣಿಗೆ ಕಾಣದ ದೂಳು ನುಸಿ ಗಾಳಿಯಲ್ಲಿನ ತೇವವನ್ನೇ ಹೀರಿ ಬದುಕುತ್ತದಂತೆ, ತೇವಾಂಶ ಶೇ. 50ಕ್ಕಿಂತ ಕೆಳಗೇ ನಿಂತರೆ ಒಣಗಿ ಸಾಯುತ್ತದೆ, ಏರಿದರೆ ಹೆಚ್ಚುತ್ತದೆ. ಗೋಡೆಯ ಬೂಷ್ಟು ಬೇರೆ.

ಎಲ್ಲ ತಪ್ಪನ್ನೂ ತೇವದ ತಲೆಗೆ ಕಟ್ಟುವುದು ನ್ಯಾಯವಲ್ಲ. ಜ್ವರಕ್ಕೆ ಕೂತ ಹುಳುವಿನ ಮೇಲೆ ಎರಚುವ ಸುಣ್ಣದ ಪುಡಿ, ತಟ್ಟೆ ತೊಳೆಯುವ ಬ್ಲೀಚಿಂಗ್, ಫಾರ್ಮಲಿನ್‌ನ ಘಾಟು, ಹಿಕ್ಕೆಯ ದೂಳು ಎಲ್ಲವೂ ಆ ಮುಚ್ಚಿದ ಗಾಳಿಯಲ್ಲೇ ಇದ್ದವು. ರೇಷ್ಮೆ ನೂಲು ತೆಗೆಯುವವರಲ್ಲಿ ಉಬ್ಬಸ ಕಾಣುತ್ತದೆಂದು ಬೆಂಗಳೂರಿನ ಸಂಶೋಧಕರು 1980ರ ದಶಕದಲ್ಲೇ ಬರೆದಿದ್ದಾರೆ.

ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಹುಳುವಿನ ಕಡೆ ಮೊಳೆಗೆ ತೇವ ಅಳೆಯುವ ಎರಡು ಬುಡ್ಡಿಯ ಥರ್ಮಾಮೀಟರು ತೂಗುತ್ತಿತ್ತು. ಮನುಷ್ಯರು ಮಲಗುವ ಕಡೆ ಏನೂ ಇಲ್ಲ. ಅದನ್ನೇ ತಂದು ಅತ್ತೆಯ ತಲೆದೆಸೆಯಲ್ಲಿ ತೂಗುಹಾಕಿದರೆ ಶೇ. 75ರ ಮೇಲೆ ತೋರಿಸಿತು. ಹಾಸಿಗೆಗಳು ಆ ದಿನವೇ ಪಡಸಾಲೆಗೆ ಬಂದವು. ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕುವುದು ವಾರದ ಕೆಲಸವಾಯಿತು. ದಮ್ಮು ಪೂರಾ ಹೋಗಲಿಲ್ಲ, ಅತ್ತೆಗೆ ಇನ್‌ಹೇಲರ್ ಈಗಲೂ ಬೇಕು; ರಾತ್ರಿ ಮಾತ್ರ ನಿದ್ದೆ ಮಾಡುತ್ತಾರೆ.

ಇದನ್ನು ಕಲ್ಯಾಣದುರ್ಗದ ಅಕ್ಕನಿಗೆ ಹೇಳಿದೆ. 2022ರಲ್ಲಿ ಜಿಲ್ಲೆ ಒಡೆದು ನಾವು ಸತ್ಯಸಾಯಿ ಜಿಲ್ಲೆಗೆ ಸೇರಿದೆವು, ಅವಳು ಅನಂತಪುರದಲ್ಲೇ ಉಳಿದಳು. ಹವೆಯೂ ಅಷ್ಟೇ ಬೇರೆ. "ನೀನು ತೇವ ಬೇಡ ಅಂತೀಯ, ಇಲ್ಲಿ ನನ್ನ ಮಗ ಒಣಗಾಳಿಗೆ ಮೂಗಲ್ಲಿ ರಕ್ತ ಸೋರಿಸ್ಕೊಂಡು ಕೂತವ್ನೆ" ಎಂದಳು. ಅವಳ ಮಾತೂ ಸರಿ. ಆದರೆ ಅವರು ಕೂಲರ್ ಹಾಕಿ ಕಿಟಕಿ, ಬಾಗಿಲು ಭದ್ರಮಾಡಿ ಮಲಗುವವರು. ಹೊರಗೆ ಹೋಗಲು ದಾರಿಯಿಲ್ಲದ ತೇವ ಕೋಣೆಯಲ್ಲೇ ತುಂಬಿ, ನಡುರಾತ್ರಿಗೆ ತಂಪೂ ಇಲ್ಲ, ಉಸಿರೂ ಇಲ್ಲ. ಟ್ಯಾಂಕಿನ ತಳದಲ್ಲಿ ಲೋಳೆ. ಅದೇ ಕೋಣೆಯ ಮೂಲೆಯಲ್ಲಿ ತೇವಕ್ಕೆ ಬೂಷ್ಟು ಹಿಡಿಯುವ ಕಡಲೆಕಾಯಿ ಮೂಟೆ! ಕೂಲರ್ ಎದುರಿನ ಕಿಟಕಿ ತೆರೆದು, ಟ್ಯಾಂಕ್ ಉಜ್ಜಿ, ಮೂಟೆಗಳನ್ನು ಹೊರಹಾಕಿದಳು. ಮಗನ ಮೂಗಿಗೆ ಡಾಕ್ಟರು ಉಪ್ಪುನೀರಿನ ಹನಿ ಬರೆದುಕೊಟ್ಟರು.

ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರು ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮಲಗುವ ಕೋಣೆಯಲ್ಲಿ ಶೇ. 40ರಿಂದ 60ರೊಳಗೆ ಇದ್ದರೆ ಸಾಕು. ಹುಳು ಮೇಯಿಸುವವರಿಗೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಸಮಗ್ರ ಯೋಜನೆಯಲ್ಲಿ ಹುಳುಮನೆ ಕಟ್ಟಲು ನೆರವಿದೆ. ನಿಮ್ಮ ರೇಷ್ಮೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಹಾಕುವಾಗ ಮಲಗುವ ಮನೆಯ ಗೋಡೆಗೆ ಅಂಟಿಕೊಳ್ಳದ ಜಾಗವನ್ನೇ ತೋರಿಸಿ.